ಅಡಾಸ್ ದೀಪ ಹತ್ತಿದಾಗ ಎಲ್ಲಿಂದ ಹುಡುಕಬೇಕು: ಬೆಂಗಳೂರಿನ ಕಾರುಗಳಿಗೊಂದು ದೋಷ ನಿವಾರಣೆ ಕೈಪಿಡಿ

ಅಡಾಸ್ ಅಂದರೆ ಕ್ಯಾಮೆರಾ, ರೇಡಾರ್‌ಗಳಿಂದ ರಸ್ತೆ ನೋಡಿ ಎಚ್ಚರಿಸುವ, ಬೇಕಾದರೆ ತಾನೇ ಬ್ರೇಕ್ ಹಾಕುವ, ಸ್ಟೇರಿಂಗ್ ತಿರುಗಿಸುವ ವ್ಯವಸ್ಥೆ. ಮೀಟರಿನಲ್ಲಿ 'ಮುಂದಿನ ರೇಡಾರ್ ಕೆಲಸ ಮಾಡುತ್ತಿಲ್ಲ' ಅಂತಲೋ 'ಕ್ಯಾಮೆರಾಗೆ ಕಾಣುತ್ತಿಲ್ಲ' ಅಂತಲೋ ಬಂದರೆ ಕಾರಿನವರು ಮೊದಲು ಕೇಳುವುದು, "ಸೆನ್ಸರ್ ಹೋಯ್ತಾ? ಹೊಸದಕ್ಕೆ ಎಷ್ಟಾಗುತ್ತೆ?" ಗ್ಯಾರೇಜಿನಲ್ಲಿ ನಾನು ಅವರನ್ನು ತಿರುಗಿ ಕೇಳುವುದು ಬೇರೆ. ಈ ದೀಪ ಹತ್ತೋಕೆ ಮುಂಚೆ ಕಾರಿಗೆ ಏನೇನು ಕೆಲಸ ಮಾಡಿಸಿದ್ದೀರಿ? ಮುಂದಿನ ಗಾಜು ಹಾಕಿಸಿರಬಹುದು, ಬಂಪರ್‌ಗೆ ಪೇಂಟ್ ಹೊಡೆಸಿರಬಹುದು, ವೀಲ್ ಅಲೈನ್‌ಮೆಂಟ್ ಮಾಡಿಸಿರಬಹುದು, ಬ್ಯಾಟರಿ ಬದಲಾಯಿಸಿರಬಹುದು. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ರೇಡಾರ್ ಆಗಲಿ ಕ್ಯಾಮೆರಾ ಆಗಲಿ ತಾನಾಗಿಯೇ ಕೆಡುವುದು ಕಡಿಮೆ. ಅದರ ಮುಂದೆ ಏನೋ ಅಡ್ಡ ಬಂದಿರುತ್ತದೆ, ಇಲ್ಲವೇ ಅದು ನೋಡುವ ದಿಕ್ಕು ತಪ್ಪಿರುತ್ತದೆ, ಇಲ್ಲವೇ ಅದಕ್ಕೆ ಸರಿಯಾಗಿ ಕರೆಂಟ್ ಹೋಗುತ್ತಿರುವುದಿಲ್ಲ. ಈ ಮೂರನ್ನೂ ನೋಡಿ ಮುಗಿಸುವ ತನಕ ಹೊಸ ಸೆನ್ಸರ್ ಆರ್ಡರ್ ಮಾಡಬೇಡಿ. ಇದನ್ನು ನಾನು ಪ್ರತಿ ಕಾರಿನವರಿಗೂ ಹೇಳುತ್ತೇನೆ.

ಯಾವ ಕೆಲಸ ಯಾರದ್ದು

ಮುಂದಿನ ಕ್ಯಾಮೆರಾ ಇರುವುದು ಒಳಗಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡಂತೆ. ಲೇನಿನ ಗೆರೆ, ಜನ, ಬೈಕು, ಬೋರ್ಡು ಗುರುತಿಸುವುದು ಅದರ ಕೆಲಸ. ಮುಂದಿನ ರೇಡಾರ್ ಬಂಪರ್‌ನ ಕೆಳಭಾಗದಲ್ಲೋ, ಗ್ರಿಲ್‌ನಲ್ಲೋ, ಕೆಲವು ಕಾರುಗಳಲ್ಲಿ ಲೋಗೋ ಹಿಂದೆಯೋ ಇರುತ್ತದೆ. ದೂರ ಮತ್ತು ವೇಗ ಅಳೆಯುವುದು ಅದರ ಕೆಲಸ. ಇದು ಸಾಮಾನ್ಯವಾಗಿ ಬಳಸುವುದು 76ರಿಂದ 77 ಗಿಗಾಹರ್ಟ್ಸ್ ರೇಡಿಯೊ ಅಲೆಗಳ ಪಟ್ಟಿಯನ್ನು. ನಮ್ಮ ದೇಶದಲ್ಲಿ ಈ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ ಅಂತ 2015ರಲ್ಲೇ ನಿಯಮ ಬಂದಿದೆ. ಹಿಂದಿನ ಬಂಪರ್‌ನ ಎರಡು ಮೂಲೆಯಲ್ಲಿರುವ ಚಿಕ್ಕ ರೇಡಾರ್‌ಗಳು ಪಕ್ಕದಿಂದ ಬರುವವರನ್ನು ನೋಡುತ್ತವೆ. ಬಂಪರ್ ಮೇಲೆ ಗುಂಡಗೆ ಕಾಣುವವು ಪಾರ್ಕಿಂಗ್ ಸೆನ್ಸರ್‌ಗಳು.

ಎಲ್ಲ ಕಾರಿನಲ್ಲೂ ಎಲ್ಲವೂ ಇರುವುದಿಲ್ಲ. ಹೋಂಡಾ ಸಿಟಿ ಹೈಬ್ರಿಡ್‌ನಲ್ಲಿ ಮುಂದಿನ ಕೆಲಸವನ್ನೆಲ್ಲ ಒಂದೇ ಕ್ಯಾಮೆರಾ ಮಾಡುತ್ತದೆ. ಮಹೀಂದ್ರಾ ಎಕ್ಸ್‌ಯುವಿ700ರಲ್ಲಿ ಕ್ಯಾಮೆರಾ ಮತ್ತು ರೇಡಾರ್ ಎರಡೂ ಇವೆ. ನಿಮ್ಮ ಕಾರಿನ ಮಾಲೀಕರ ಪುಸ್ತಕದಲ್ಲಿ ಯಾವುದು ಎಲ್ಲಿದೆ ಅಂತ ಚಿತ್ರ ಕೊಟ್ಟಿರುತ್ತಾರೆ. ಮೊದಲು ಅದನ್ನು ನೋಡಿಕೊಳ್ಳಿ. ಇಲ್ಲದ ರೇಡಾರನ್ನು ಹುಡುಕುತ್ತಾ ಬಂಪರ್ ಬಿಚ್ಚುವುದು ಬೇಡ.

ಯಾವ ಕೆಲಸ ನಿಂತಿದೆ ಅನ್ನುವುದೇ ಒಂದು ಸುಳಿವು. ಲೇನ್ ಎಚ್ಚರಿಕೆ ಮಾತ್ರ ನಿಂತು ಕ್ರೂಸ್ (ಮುಂದಿನ ಗಾಡಿಯಿಂದ ದೂರ ಕಾಯ್ದುಕೊಂಡು ತಾನೇ ವೇಗ ಹಿಡಿಯುವುದು) ಸರಿಯಾಗಿದ್ದರೆ ಕ್ಯಾಮೆರಾ ಕಡೆ ನೋಡಿ. ಕ್ರೂಸ್ ಮಾತ್ರ ನಿಂತಿದ್ದರೆ ರೇಡಾರ್ ಕಡೆ. ನಾಲ್ಕೈದು ದೀಪ ಒಟ್ಟಿಗೆ ಹತ್ತಿದರೆ ಎಲ್ಲ ಸೆನ್ಸರ್‌ಗಳೂ ಒಂದೇ ದಿನ ಕೆಟ್ಟಿವೆ ಅಂತ ಅರ್ಥ ಅಲ್ಲ. ಆಗ ಅವೆಲ್ಲಕ್ಕೂ ಬೇಕಾದ ಇನ್ನೊಂದು ಯಾವುದೋ ಕೈ ಕೊಟ್ಟಿದೆ. ಹೆಚ್ಚಾಗಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವುದು), ಸ್ಟೇರಿಂಗ್ ಎಷ್ಟು ತಿರುಗಿದೆ ಅಂತ ಅಳೆಯುವ ಸ್ಟೇರಿಂಗ್ ಆಂಗಲ್ ಸೆನ್ಸರ್, ಬ್ಯಾಟರಿ, ಈ ಮೂರರಲ್ಲಿ ಒಂದು. ತುರ್ತು ಬ್ರೇಕ್ ಹಾಕಬೇಕಾದರೆ ಎಬಿಎಸ್ ಮೂಲಕವೇ ಹಾಕಬೇಕು. ಹಾಗಾಗಿ ಒಂದು ಚಕ್ರದ ಸ್ಪೀಡ್ ಸೆನ್ಸರ್ ಕೆಟ್ಟರೂ ಸಾಕು, ಅಡಾಸ್ ಪೂರ್ತಿ ಮಲಗಿಬಿಡುತ್ತದೆ.

ಇದು ದೋಷವೇನಾ?

ಗ್ಯಾರೇಜಿಗೆ ಬರುವ ದೂರುಗಳಲ್ಲಿ ಒಂದಷ್ಟು ದೋಷಗಳೇ ಅಲ್ಲ. ಲೇನಿಗೆ ಗೆರೆಯೇ ಇಲ್ಲದ ರಸ್ತೆಯಲ್ಲಿ ಲೇನ್ ಎಚ್ಚರಿಕೆ ಸುಮ್ಮನಿದ್ದರೆ ಅದು ಸರಿಯಾಗೇ ಇದೆ. ಮೆಟ್ರೊ ಕೆಲಸ ನಡೆಯುವ ಕಡೆ ಹಳೆ ಗೆರೆ, ಹೊಸ ಗೆರೆ ಎರಡೂ ಕಾಣುತ್ತವೆ, ಮಧ್ಯದಲ್ಲಿ ಬ್ಯಾರಿಕೇಡ್ ಬೇರೆ. ಅಲ್ಲಿ ಕ್ಯಾಮೆರಾ ತಡವರಿಸುತ್ತದೆ. ಸಂಜೆ ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ಹೋಗುವಾಗ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನಲ್ವಾ, ಕ್ಯಾಮೆರಾಗೂ ಹಾಗೇ ಹೊಡೆಯುತ್ತಾನೆ. 'ಸದ್ಯಕ್ಕೆ ಲಭ್ಯವಿಲ್ಲ' ಅಂತ ಬಂದು, ರಸ್ತೆ ತಿರುಗಿದ ಮೇಲೆ ತಾನಾಗಿ ಹೋದರೆ ಅದಕ್ಕೆ ರಿಪೇರಿ ಬೇಕಿಲ್ಲ. ಜೋರು ಮಳೆಯಲ್ಲೂ, ಚಳಿಗಾಲದ ಬೆಳಗ್ಗೆ ದೇವನಹಳ್ಳಿ ಕಡೆಯ ಮಂಜಿನಲ್ಲೂ ಇದೇ ಕತೆ.

ಇನ್ನೊಂದು ಮುಖ್ಯ ವಿಷಯ. ಸ್ಪೀಡಾಗಿ ಹೋಗುವಾಗ ಮುಂದೆ ನಿಂತೇ ಇರುವ ಗಾಡಿಗೆ ಕ್ರೂಸ್ ಬ್ರೇಕ್ ಹಾಕದೇ ಇರಬಹುದು. ರಸ್ತೆ ಬದಿಯ ಕಂಬ, ತಡೆಗೋಡೆ, ಬೋರ್ಡು, ಮೇಲ್ಸೇತುವೆ ಎಲ್ಲವೂ ರೇಡಾರ್‌ಗೆ ನಿಂತ ವಸ್ತುಗಳೇ. ಪ್ರತಿಯೊಂದಕ್ಕೂ ಬ್ರೇಕ್ ಹಾಕಿದರೆ ಗಾಡಿ ಓಡಿಸೋಕಾಗಲ್ಲ. ಹಾಗಾಗಿ ನಿಂತ ವಸ್ತುಗಳಿಗೆ ಅದು ಕೊಡುವ ಬೆಲೆ ಕಡಿಮೆ. ಇದನ್ನು ಮಾಲೀಕರ ಪುಸ್ತಕದಲ್ಲಿ ಬರೆದಿರುತ್ತಾರೆ, ಓದುವವರು ಕಡಿಮೆ. ತುಮಕೂರು ರಸ್ತೆಯ ಬದಿಯಲ್ಲಿ ರಾತ್ರಿ ಲೈಟಿಲ್ಲದೆ ನಿಂತ ಲಾರಿಯನ್ನು ಕಾರು ತಾನೇ ನೋಡಿಕೊಳ್ಳುತ್ತದೆ ಅಂತ ದಯವಿಟ್ಟು ನಂಬಬೇಡಿ.

ದೋಷ ಮತ್ತು ಮಿತಿಯನ್ನು ಬೇರೆ ಮಾಡೋಕೆ ಒಂದು ಸುಲಭ ದಾರಿ ಇದೆ. ಸಂದೇಶ ಬಂದಾಗಲೆಲ್ಲ ಜಾಗ, ಸಮಯ, ಹವೆ, ವೇಗ ಬರೆದಿಡಿ. ಜೊತೆಯಲ್ಲಿ ಇದ್ದವರು ಮೀಟರಿನ ಫೋಟೊ ತೆಗೆಯಲಿ. ಪ್ರತಿ ಸಲ ಅದೇ ಜಾಗದಲ್ಲೋ ಅದೇ ಹೊತ್ತಿನಲ್ಲೋ ಬಂದರೆ ರಸ್ತೆಯನ್ನೋ ಬೆಳಕನ್ನೋ ಅನುಮಾನಿಸಿ. ಎಲ್ಲೆಂದರಲ್ಲಿ ಬಂದರೆ ಕಾರನ್ನು. ಗುಂಡಿಗೆ ಬಿದ್ದಾಗ ಮಾತ್ರ ಬಂದರೆ ವೈರಿಂಗ್ ಅಥವಾ ಕನೆಕ್ಟರ್ ಸಡಿಲ.

ಸ್ಕ್ಯಾನರ್ ಹಾಕೋಕೆ ಮುಂಚೆ ಕಣ್ಣಲ್ಲಿ ನೋಡಿ

ಹೊರಗೆ ನಿಂತು ಕನ್ನಡಿಯ ಹಿಂದಿನ ಗಾಜು ನೋಡಿ. 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆದ ಮೇಲೆ ಎಲ್ಲರೂ ಅದನ್ನು ಗಾಜಿನ ಮಧ್ಯದಲ್ಲಿ, ಕನ್ನಡಿಯ ಹತ್ತಿರ ಅಂಟಿಸುತ್ತಾರೆ. ಕ್ಯಾಮೆರಾ ನೋಡುವ ಜಾಗವೂ ಅದೇ. ಚೂರು ಅಂಚು ತಾಗಿದರೂ ತೊಂದರೆ. ಅಪಾರ್ಟ್‌ಮೆಂಟಿನ ಸ್ಟಿಕ್ಕರ್, ಆಫೀಸ್ ಪಾಸ್, ಆಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮ್, ಕನ್ನಡಿಗೆ ನೇತುಹಾಕಿದ ಮಣಿಸರ, ಇವನ್ನೂ ನೋಡಿ. ಡ್ಯಾಶ್‌ಬೋರ್ಡ್ ಮೇಲೆ ಹೊಳೆಯುವ ಪಾಲಿಶ್ ಹಚ್ಚಿದ್ದರೆ ಅದರ ಪ್ರತಿಬಿಂಬ ಗಾಜಿನಲ್ಲಿ ಬಂದು ಕ್ಯಾಮೆರಾಗೆ ಕಾಟ ಕೊಡುತ್ತದೆ. ಗಾಜಿನ ಒಳಬದಿ, ಕ್ಯಾಮೆರಾ ಮುಚ್ಚಳದೊಳಗೆ, ತೆಳುವಾಗಿ ಮಬ್ಬು ಕಟ್ಟಿರುತ್ತದೆ. ಬಟ್ಟೆ ಅಲ್ಲಿಗೆ ಹೋಗಲ್ಲ. ಮುಚ್ಚಳ ತೆಗೆದೇ ಒರೆಸಬೇಕು. ಲೆನ್ಸನ್ನು ಮಾತ್ರ ಬೆರಳಲ್ಲಿ ಮುಟ್ಟಬೇಡಿ.

ಆಯುಧ ಪೂಜೆ ಆದ ವಾರ ಈ ತರಹದ ದೂರು ಬಂದರೆ ನಾನು ನೇರ ಕಾರಿನ ಮುಂದೆ ಹೋಗಿ ಕೂರುತ್ತೇನೆ. ಲೋಗೋ ಮೇಲೆ ಗಂಧ, ಅರಿಶಿನ, ಕುಂಕುಮ. ಗ್ರಿಲ್‌ಗೆ ಚೆಂಡು ಹೂವಿನ ಹಾರ. ಎರಡು ಬದಿಗೆ ಬಾಳೆಕಂದು. ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ. ಹಸಿ ಹೂವು, ಹಸಿ ಎಲೆ ಅಂದರೆ ನೀರು, ನೀರು ರೇಡಾರ್ ಅಲೆಗಳನ್ನು ಚೆನ್ನಾಗಿ ತಡೆಯುತ್ತದೆ. ಪೂಜೆಯನ್ನು ಖಂಡಿತ ಮಾಡಿ, ಮುಗಿದ ಮೇಲೆ ರಸ್ತೆಗಿಳಿಯುವ ಮುಂಚೆ ಲೋಗೋ ಮತ್ತು ಗ್ರಿಲ್ ಮಧ್ಯಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕುಂಕುಮದ ಬೊಟ್ಟನ್ನು ಬಾನೆಟ್ ಮೇಲೆ ಇಟ್ಟರೆ ಯಾವ ತೊಂದರೆಯೂ ಇಲ್ಲ.

ಗ್ರಿಲ್‌ನಲ್ಲಿ ಇನ್ನೂ ಕೆಲವು ನೋಡಬೇಕು. ರೇಡಾರ್‌ಗೆ ಅಡ್ಡ ಬರುವ ನಂಬರ್ ಪ್ಲೇಟ್ ಫ್ರೇಮ್, ಆಮೇಲೆ ಹಾಕಿಸಿದ ಎಲ್‌ಇಡಿ ಬಾರ್, ಮುಂದಿನ ಲೋಹದ ಗಾರ್ಡ್. ಈ ಗಾರ್ಡ್‌ಗೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ತಡೆ ಹಾಕಿದೆ. ಆದರೂ ಹಾಕಿಸಿಕೊಂಡು ಬರುವವರಿದ್ದಾರೆ. ರೇಡಾರ್ ಲೋಗೋ ಹಿಂದೆ ಇರುವ ಕಾರುಗಳಲ್ಲಿ ಲೋಗೋ ಕೂಡ ಸಾಮಾನ್ಯ ಪ್ಲಾಸ್ಟಿಕ್ ಅಲ್ಲ, ಅಲೆ ದಾಟಿಹೋಗುವಂತೆ ಮಾಡಿದ್ದು. ಅದು ಒಡೆದರೆ ಅಂಗಡಿಯಲ್ಲಿ ಸಿಗುವ ಕ್ರೋಮ್ ಲೋಗೋ ತಂದು ಅಂಟಿಸಬೇಡಿ.

ಬಂಪರ್‌ಗೆ ಪುಟ್ಟಿ ತುಂಬಿ ಪೇಂಟ್ ಹೊಡೆಸಿದ್ದೀರಾ ಅಂತಲೂ ಕೇಳಿ. ರೇಡಾರ್ ಎದುರಿಗೇ ದಪ್ಪ ಪುಟ್ಟಿ, ಅದರ ಮೇಲೆ ಮೆಟಾಲಿಕ್ ಪೇಂಟಿನ ಹಲವು ಪದರ ಇದ್ದರೆ ಅಲೆಯ ಬಲ ಕುಗ್ಗುತ್ತದೆ. ಹಿಂದಿನ ಮೂಲೆಯ ರೇಡಾರ್‌ಗಳಿಗೆ ಈ ಕಾಟ ಜಾಸ್ತಿ, ಯಾಕಂದರೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಉಜ್ಜಿಸಿಕೊಳ್ಳುವುದು ಆ ಮೂಲೆಗಳೇ. ರೇಡಾರ್ ಎದುರಿನ ಜಾಗ ಒಡೆದಿದ್ದರೆ ಬಂಪರ್ ಬದಲಾಯಿಸುವುದೇ ವಾಸಿ.

ಬ್ಯಾಟರಿ, ಆಮೇಲೆ ಕೋಡ್

ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಬ್ಯಾಟರಿ 12.6 ವೋಲ್ಟ್ ಹತ್ತಿರ ಇದ್ದರೆ ತುಂಬಿದೆ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಕೆಲವು ಹೊಸ ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರ್ ಏರಿಳಿಸುತ್ತದೆ, ಅಲ್ಲಿ ಈ ಅಂಕಿ ಒಂದೇ ಸಮ ಇರುವುದಿಲ್ಲ. ವಾರಪೂರ್ತಿ ಬೇಸ್‌ಮೆಂಟಿನಲ್ಲಿ ನಿಂತು, ಶನಿವಾರ ಮಾತ್ರ ಹೊರಡುವ ಕಾರುಗಳಲ್ಲಿ ಬೆಳಗ್ಗೆ ಅಡಾಸ್ ದೀಪಗಳೆಲ್ಲ ಹತ್ತಿ ಸ್ವಲ್ಪ ದೂರ ಓಡಿದ ಮೇಲೆ ಆರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೂ ಕೆಲವು ಕಾರುಗಳಲ್ಲಿ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಸ್ವಲ್ಪ ದೂರ ನೇರ ಓಡಿಸುವ ತನಕ ದೀಪ ಹೋಗಲ್ಲ.

ಈಗ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್‌ಗಳು ದಾಖಲಿಸಿದ ದೋಷದ ಕೋಡ್ ಓದುವ ಉಪಕರಣ. ಕಡಿಮೆ ಬೆಲೆಯ ಬ್ಲೂಟೂತ್ ಡಾಂಗಲ್‌ಗಳು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಅದರಲ್ಲಿ 'ದೋಷ ಇಲ್ಲ' ಅಂತ ಬಂದರೆ ಅಡಾಸ್ ಬಗ್ಗೆ ಏನೂ ಹೇಳಿದಂತಾಗಲಿಲ್ಲ. ಎಲ್ಲ ಮಾಡ್ಯೂಲ್‌ಗಳನ್ನೂ (ಕಾರಿನ ಒಂದೊಂದು ಕೆಲಸಕ್ಕಿರುವ ಚಿಕ್ಕ ಕಂಪ್ಯೂಟರ್‌ಗಳು) ಓದುವ ಸ್ಕ್ಯಾನರ್ ಬೇಕು. ಓದಿದ್ದನ್ನೆಲ್ಲ ಮೊದಲು ಉಳಿಸಿಕೊಳ್ಳಿ, ಆಮೇಲೆ ಅಳಿಸುವ ಮಾತು. ಕೋಡ್ ಅಳಿಸಿದರೆ ಅದರ ಜೊತೆ ದಾಖಲಾದ ವೇಗ, ವೋಲ್ಟೇಜ್ ಎಲ್ಲ ಹೋಗುತ್ತವೆ. ಬೇರೆ ಕಡೆ ಎರಡು ಸಲ ಅಳಿಸಿಕೊಂಡು ಬಂದ ಕಾರಿನಲ್ಲಿ ಕಾರಣ ಹುಡುಕುವುದು ಎಷ್ಟು ಕಷ್ಟ ಅಂತ ಕೆಲಸ ಮಾಡುವವರಿಗೆ ಗೊತ್ತು.

ಯು ಅಕ್ಷರದಿಂದ ಶುರುವಾಗುವ ಕೋಡ್‌ಗಳು ಮಾಡ್ಯೂಲ್‌ಗಳ ನಡುವೆ ಮಾತುಕತೆ ನಿಂತಿದೆ ಅನ್ನುತ್ತವೆ. ಯು0235 ಅಂದರೆ ಕ್ರೂಸ್‌ನ ಮುಂದಿನ ದೂರ ಅಳೆಯುವ ಸೆನ್ಸರ್ ಜೊತೆ ಸಂಪರ್ಕ ಇಲ್ಲ. ಯು0121 ಅಂದರೆ ಎಬಿಎಸ್ ಜೊತೆ. ಯು0126 ಅಂದರೆ ಸ್ಟೇರಿಂಗ್ ಆಂಗಲ್ ಸೆನ್ಸರ್ ಜೊತೆ. ಸಂಪರ್ಕ ಇಲ್ಲ ಅಂದ ಮಾತ್ರಕ್ಕೆ ಆ ಸೆನ್ಸರ್ ಕೆಟ್ಟಿದೆ ಅಂತ ಅಲ್ಲ. ಅದಕ್ಕೆ ಹೋಗುವ ಫ್ಯೂಸ್, ಅರ್ತ್ (ಮೈನಸ್ ಸಂಪರ್ಕ), ವೈರ್, ಕನೆಕ್ಟರ್ ಮೊದಲು ನೋಡಿ. ಎಬಿಎಸ್ ಕೋಡ್ ಮತ್ತು ಅಡಾಸ್ ಕೋಡ್ ಎರಡೂ ಇದ್ದರೆ ಎಬಿಎಸ್‌ನದ್ದನ್ನು ಮೊದಲು ಸರಿಮಾಡಿ. ಉಳಿದವು ಎಷ್ಟೋ ಸಲ ತಾವಾಗಿ ಹೋಗುತ್ತವೆ.

ಇಲಿ, ನೀರು, ವೈರು

ಬೇಸ್‌ಮೆಂಟ್ ಪಾರ್ಕಿಂಗ್ ಇರುವ ಊರಿನಲ್ಲಿ ಇಲಿ ಇಲ್ಲದೆ ಇರುತ್ತದಾ? ಬಂಪರ್ ಹಿಂದೆ ಬರುವ ತೆಳು ವೈರುಗಳು ಅದಕ್ಕೆ ಸುಲಭವಾಗಿ ಸಿಗುತ್ತವೆ. ಟಾರ್ಚ್ ಹಾಕಿ ಕಚ್ಚಿದ ಗುರುತು, ಹಿಕ್ಕೆ, ಹರಿದ ಟೇಪ್ ಇದೆಯಾ ನೋಡಿ. ತುಂಡಾದ ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಡೇಟಾ ಹೋಗುವ ಎರಡು ವೈರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ರಿಪೇರಿಯಾದ ಮೇಲೂ ಆ ಹೆಣಿಗೆ ಹಾಗೇ ಇರಬೇಕು.

ಮುಂದಿನ ರೇಡಾರ್ ತಗ್ಗಿನಲ್ಲಿರುವ ಕಾರು ನಿಂತ ನೀರಿನಲ್ಲಿ ಓಡಿದರೆ ನೀರು ಮೊದಲು ತಾಗುವುದು ಅದಕ್ಕೇ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ಬಂದ ನೀರು ನೆನಪಿದೆಯಲ್ಲ? ಹಾಗೆ ಮುಳುಗೆದ್ದ ಕಾರು ಆ ದಿನ ಚೆನ್ನಾಗೇ ಇರಬಹುದು. ಕನೆಕ್ಟರ್ ಒಳಗೆ ಹಸಿರು ಕಿಲುಬು ಹಿಡಿಯೋಕೆ ವಾರಗಳು ಬೇಕು. ಕನೆಕ್ಟರ್ ಬಿಚ್ಚಿ ಪಿನ್‌ಗಳ ಬಣ್ಣ ನೋಡಿ, ರಬ್ಬರ್ ಸೀಲ್ ಕೂತಿದೆಯಾ ನೋಡಿ.

ಅರ್ತ್ ನೋಡುವಾಗ ಮಲ್ಟಿಮೀಟರಿನ ಬಜರ್ ಕೂಗಿತು ಅಂತ ಬಿಟ್ಟುಬಿಡಬೇಡಿ. ಒಂದೇ ಎಳೆ ಉಳಿದ ವೈರಿನಲ್ಲೂ ಬಜರ್ ಕೂಗುತ್ತದೆ. ಕನೆಕ್ಟರ್ ಹಾಕಿ, ಇಗ್ನಿಷನ್ ಆನ್ ಮಾಡಿ, ಸೆನ್ಸರ್‌ನ ಅರ್ತ್ ಪಿನ್ ಹಿಂದಿನಿಂದ ಬ್ಯಾಟರಿ ಮೈನಸ್‌ಗೆ ವೋಲ್ಟೇಜ್ ನೋಡಿ. 0.1 ವೋಲ್ಟ್ ಒಳಗಿರಬೇಕು. ಡೇಟಾ ಲೈನ್ ಅಳೆಯಬೇಕಾದರೆ ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಚುಚ್ಚುವ ಓಬಿಡಿ ಪೋರ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆಯಿರಿ. ಲೈನಿನ ಎರಡು ತುದಿಯಲ್ಲಿರುವ 120 ಓಮ್‌ನ ರೆಸಿಸ್ಟರ್‌ಗಳು ಸೇರಿ 60ರ ಹತ್ತಿರ ತೋರಿಸಬೇಕು. 120 ತೋರಿಸಿದರೆ ಎಲ್ಲೋ ತುಂಡಾಗಿದೆ. ಸೊನ್ನೆಯ ಹತ್ತಿರ ಇದ್ದರೆ ಎರಡು ವೈರೂ ತಾಗಿವೆ. ಆದರೆ ಗೇಟ್‌ವೇ (ಪೋರ್ಟಿಗೂ ಒಳಗಿನ ಲೈನುಗಳಿಗೂ ನಡುವೆ ಕೂತ ಕಂಪ್ಯೂಟರ್) ಇರುವ ಕಾರುಗಳಲ್ಲಿ ಪೋರ್ಟಿನ ಅಳತೆ ಗೇಟ್‌ವೇ ತನಕದ ವಿಷಯ ಮಾತ್ರ ಹೇಳುತ್ತದೆ, ರೇಡಾರ್ ಇರುವ ಲೈನನ್ನು ಬೇರೆಯಾಗಿ ಅಳೆಯಬೇಕು. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಡೆ ಕೈ ಹಾಕಲೇಬೇಡಿ.

ದಿಕ್ಕು ತಪ್ಪಿದ ಸೆನ್ಸರ್

ಇದು ಎಲ್ಲಕ್ಕಿಂತ ಕಷ್ಟದ್ದು, ಯಾಕಂದರೆ ದೀಪ ಹತ್ತದೇ ಇರಬಹುದು, ಕೋಡೂ ಇರದಿರಬಹುದು.

ನಾಗರಬಾವಿಯಿಂದ ಒಂದು ಕಾರು ಬಂತು. ಲೇನಿನ ಮಧ್ಯದಲ್ಲೇ ಹೋಗುತ್ತಿದ್ದರೂ ಬಲಗಡೆ ಗೆರೆ ತುಳಿದಂತೆ ಎಚ್ಚರಿಕೆ, ಸ್ಟೇರಿಂಗ್ ಮೆಲ್ಲಗೆ ಎಡಕ್ಕೆ ಎಳೆತ. ಹಿಂದಿನ ತಿಂಗಳು ಕಲ್ಲು ಹೊಡೆದು ಮುಂದಿನ ಗಾಜು ಬದಲಾಯಿಸಿದ್ದರು. "ಅಣ್ಣ, ಯಾವ ಲೈಟೂ ಹತ್ತಿಲ್ಲ. ಕ್ಯಾಮೆರಾ ತಪ್ಪಿದ್ರೆ ಕಾರೇ ಹೇಳಲ್ವಾ?" ಅಂದರು. ಕ್ಯಾಮೆರಾ ತನಗೆ ಕಂಡಿದ್ದನ್ನೇ ಸರಿ ಅಂದುಕೊಂಡಿರುತ್ತದೆ, ಓರೆ ಕೂತ ಕನ್ನಡಕದಲ್ಲಿ ನೋಡುವವರ ಹಾಗೆ. ತಪ್ಪು ಒಂದು ಮಿತಿ ದಾಟಿದರೆ ಮಾತ್ರ ಅದು ದೀಪ ಹಚ್ಚುತ್ತದೆ.

ಮೊದಲು ಟೈರಿನ ಗಾಳಿ, ವೀಲ್ ಅಲೈನ್‌ಮೆಂಟ್ ನೋಡಿದೆವು, ಸರಿ ಇತ್ತು. ನೇರ ರಸ್ತೆಯಲ್ಲಿ ಸ್ಕ್ಯಾನರಿನಲ್ಲಿ ಸ್ಟೇರಿಂಗ್ ಕೋನ ಸೊನ್ನೆಯ ಹತ್ತಿರವೇ ಇತ್ತು. ಉಳಿದದ್ದು ಕ್ಯಾಮೆರಾ. ಮುಚ್ಚಳ ತೆಗೆದು ಟಾರ್ಚ್ ಹಿಡಿದಾಗ ಗೊತ್ತಾಯಿತು, ಗಾಜಿಗೆ ಅಂಟಿಸಿದ ಬ್ರಾಕೆಟ್ಟೇ ಓರೆ. ಒಂದು ಬದಿ ಸಂದಿಯಲ್ಲಿ ಉಗುರು ಹೋಗುತ್ತಿತ್ತು, ಇನ್ನೊಂದು ಬದಿ ಇಲ್ಲ. ಬ್ರಾಕೆಟ್ ಸರಿಯಾಗಿರುವ ಗಾಜು ಹಾಕಿಸಿ, ಕ್ಯಾಲಿಬ್ರೇಶನ್ (ಸೆನ್ಸರ್‌ಗೆ ನೇರ ದಿಕ್ಕು ಯಾವುದು ಅಂತ ಮತ್ತೆ ಹೇಳಿಕೊಡುವುದು) ಮಾಡಿದ ಮೇಲೆ ಎಳೆತ ಹೋಯಿತು. ಅಷ್ಟು ಚಿಕ್ಕ ಓರೆ ಎಷ್ಟು ಮಾಡುತ್ತದೆ ಅಂತ ಲೆಕ್ಕ ಹಾಕಿ ನೋಡಿ. 1 ಡಿಗ್ರಿ ತಪ್ಪಿದರೆ 50 ಮೀಟರ್ ದೂರದಲ್ಲಿ ಸುಮಾರು 87 ಸೆಂಟಿಮೀಟರ್, 100 ಮೀಟರ್‌ನಲ್ಲಿ ಒಂದೂಮುಕ್ಕಾಲು ಮೀಟರ್. ನಮ್ಮ ಹೆದ್ದಾರಿಯ ಲೇನಿನ ಅಗಲ 3.5 ಮೀಟರ್. ಅಂದರೆ ಅರ್ಧ ಲೇನು! ಪಕ್ಕದ ಲೇನಿನ ಲಾರಿ ನಿಮ್ಮ ಮುಂದೆಯೇ ಇದೆ ಅಂತ ಕಾರು ತಿಳಿದುಕೊಳ್ಳೋಕೆ ಅಷ್ಟು ಸಾಕು.

ಗಾಜು ಬದಲಾದಾಗ, ಬಂಪರ್ ಅಥವಾ ರೇಡಾರ್ ಬ್ರಾಕೆಟ್ ಬಿಚ್ಚಿದಾಗ, ಸಸ್ಪೆನ್ಷನ್ ಎತ್ತರ ಅಥವಾ ಟೈರ್ ಅಳತೆ ಬದಲಾದಾಗ ಕ್ಯಾಲಿಬ್ರೇಶನ್ ಬೇಕು. ವೀಲ್ ಅಲೈನ್‌ಮೆಂಟ್ ಆದ ಮೇಲೂ ಹಲವು ಕಾರುಗಳಲ್ಲಿ ಬೇಕಾಗುತ್ತದೆ. ಮೇಲ್ಸೇತುವೆ ಹತ್ತುವಾಗ ಕಾರಣ ಇಲ್ಲದೆ ಬ್ರೇಕ್ ಬೀಳುತ್ತಿದ್ದರೆ ಡಿಕ್ಕಿಯಲ್ಲಿ ಜಾಸ್ತಿ ಭಾರ ಇದೆಯಾ, ಹಿಂದಿನ ಸ್ಪ್ರಿಂಗ್ ಕುಸಿದಿದೆಯಾ ನೋಡಿ. ಹಿಂಭಾಗ ಕೂತರೆ ಮೂತಿ ಮೇಲೆದ್ದು, ರೇಡಾರ್ ಮೇಲಿನ ಬೋರ್ಡು, ತೊಲೆಗಳನ್ನು ನೋಡತೊಡಗುತ್ತದೆ.

ನಿಂತ ಕಾರಿಗೆ ಗುರಿಹಲಗೆ ಇಟ್ಟು ಮಾಡುವ ಕ್ಯಾಲಿಬ್ರೇಶನ್‌ಗೆ ಸಮತಟ್ಟಾದ ನೆಲ, ಒಂದೇ ಸಮ ಬೆಳಕು, ಮುಂದೆ ಸಾಕಷ್ಟು ಖಾಲಿ ಜಾಗ ಬೇಕು. ಟೈರಿನ ಗಾಳಿ ಸರಿ ಇರಬೇಕು, ಸಾಮಾನು ಇಳಿಸಿರಬೇಕು. ಇಳಿಜಾರಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಮಾಡಿದ್ದು ಕ್ಯಾಲಿಬ್ರೇಶನ್ ಅಲ್ಲ. ಓಡಿಸುತ್ತಾ ಮಾಡುವುದಕ್ಕೆ ಸ್ಪಷ್ಟ ಗೆರೆ ಮತ್ತು ಒಂದೇ ಸಮನಾದ ವೇಗ ಬೇಕು. ಸಿಲ್ಕ್ ಬೋರ್ಡ್ ಕಡೆ ಎರಡೂ ಸಿಗಲ್ಲ. ನೈಸ್ ರಸ್ತೆಗೋ, ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಗೋ ಹೋಗಿ. ಮಂಜು ಕರಗಿರಲಿ, ಸೂರ್ಯ ಎದುರಿಗೆ ಇರದಿರಲಿ.

ಪಾರ್ಕಿಂಗ್ ಸೆನ್ಸರ್

2019ರ ಜುಲೈನಿಂದ ಹೊಸ ಕಾರುಗಳಲ್ಲಿ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ, ಹಾಗಾಗಿ ಇದು ಬಹುತೇಕ ಎಲ್ಲರ ಕಾರಿನಲ್ಲೂ ಇದೆ. ಮನೆಯಲ್ಲೇ ಪತ್ತೆ ಮಾಡಬಹುದು. ಎಂಜಿನ್ ಆಫ್, ಇಗ್ನಿಷನ್ ಆನ್, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ರಿವರ್ಸ್ ಗೇರ್ ಹಾಕಿ. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಆದರೆ ಹೀಗೆ ಮಾಡಬೇಡಿ. ಒಂದೊಂದೇ ಸೆನ್ಸರ್ ಮೇಲೆ ಬೆರಳ ತುದಿ ಇಡಿ. ಕೆಲಸ ಮಾಡುವುದು ಟಿಕ್ ಟಿಕ್ ಅಂತ ಸಣ್ಣಗೆ ಮಿಡಿಯುತ್ತದೆ, ಕಿವಿ ಹತ್ತಿರ ಇಟ್ಟರೆ ಕೇಳಿಸುತ್ತದೆ. ಮಿಡಿಯದ್ದನ್ನು ಬಿಚ್ಚಿ ಪಕ್ಕದ್ದರ ಜೊತೆ ಅದಲುಬದಲು ಮಾಡಿ. ದೋಷ ಸೆನ್ಸರ್ ಜೊತೆ ಹೊಸ ಜಾಗಕ್ಕೆ ಹೋದರೆ ಸೆನ್ಸರ್ ಕೆಟ್ಟಿದೆ. ಹಳೆ ಜಾಗದಲ್ಲೇ ಉಳಿದರೆ ವೈರು. ಸುಮ್ಮಸುಮ್ಮನೆ ಬೀಪ್ ಬರುತ್ತಿದ್ದರೆ ಸುತ್ತಲಿನ ರಬ್ಬರ್ ರಿಂಗ್ ಇದೆಯಾ, ನಂಬರ್ ಪ್ಲೇಟ್ ಬಗ್ಗಿದೆಯಾ, ಸೆನ್ಸರ್ ಮುಖದ ಮೇಲೆ ದಪ್ಪ ಪೇಂಟ್ ಇದೆಯಾ ನೋಡಿ.

ಕೆಲಸ ಆದ ಮೇಲೆ

ತುರ್ತು ಬ್ರೇಕ್ ಸರಿಯಾಗಿದೆಯಾ ಅಂತ ಮುಂದೆ ಮನುಷ್ಯರನ್ನು ನಿಲ್ಲಿಸಿಯಾಗಲಿ, ಇನ್ನೊಂದು ಗಾಡಿಯ ಹಿಂದೆ ನುಗ್ಗಿಸಿಯಾಗಲಿ ಪರೀಕ್ಷೆ ಮಾಡಬೇಡಿ. ಯಾರೇ ಹೇಳಿದರೂ ಮಾಡಬೇಡಿ. ಕೋಡ್ ಮತ್ತೆ ಬಂದಿಲ್ಲ, ಕ್ಯಾಲಿಬ್ರೇಶನ್ 'ಪೂರ್ಣ' ಅಂತ ಬಂದಿದೆ, ಗೆರೆ ಇರುವ ರಸ್ತೆಯಲ್ಲಿ ಮೀಟರಿನ ಲೇನ್ ಚಿತ್ರ ಎರಡೂ ಕಡೆ ಮೂಡುತ್ತಿದೆ, ಕ್ರೂಸ್ ಮುಂದಿನ ಗಾಡಿಯನ್ನು ಸರಿಯಾದ ದೂರದಲ್ಲಿ ಹಿಡಿಯುತ್ತಿದೆ. ಇಷ್ಟನ್ನು ಕಾಲು ಬ್ರೇಕ್ ಮೇಲೇ ಇಟ್ಟುಕೊಂಡು ನೋಡಿದರೆ ಸಾಕು.

ಗಾಜಿಗೋ ಬಂಪರ್‌ಗೋ ವಿಮೆ ಕ್ಲೇಮ್ ಮಾಡುವಾಗ ಕ್ಯಾಲಿಬ್ರೇಶನ್ ಖರ್ಚನ್ನು ಎಸ್ಟಿಮೇಟ್‌ನಲ್ಲೇ ಬರೆಸಿ. ಕೆಲಸಕ್ಕೆ ಮುಂಚಿನ ಮತ್ತು ಆಮೇಲಿನ ಸ್ಕ್ಯಾನ್ ರಿಪೋರ್ಟ್ ಎರಡನ್ನೂ ಪ್ರಿಂಟ್ ಕೇಳಿ ತಗೊಳ್ಳಿ, ಕಾರಿನ ಕಾಗದಪತ್ರದ ಜೊತೆ ಇಡಿ. ಮುಂದಿನ ಸಲ ದೀಪ ಹತ್ತಿದಾಗ ಗ್ಯಾರೇಜಿನವರು ಮೊದಲು ಕೇಳುವುದು ಅದನ್ನೇ.